ಎದೆಗಾರಿಕೆಯ ಕಥೆಗಳಿಗೊಂದು ಹೊತ್ತಗೆ



ಇವತ್ತು ಕಥಾಸಂಕಲನದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಒಬ್ಬರೇ ಬರೆದ ಕಥೆಗಳ ಪುಸ್ತಕವಲ್ಲ. ಹಲವರ ಕಥೆಗಳನ್ನು ಆರಿಸಿ ಒಂದೇ ರಟ್ಟಿನೊಳಗೆ ಕಟ್ಟಿದ ಪುಸ್ತಕ. ಅದರಲ್ಲೂ ದಿಟ್ಟ ಕಥೆಗಳದು. ಆಗಲೇ ಹೆಸರು ಮಾಡಿದ, ಮನೆಮನೆಯ ಓದುಗರ ಪ್ರೀತಿ ಗಳಿಸಿದ, ಸುಮ್ಮನಿದ್ದಿದ್ದರೂ ಯಾರೂ ಕೇಳದಿದ್ದ ಕಥೆಗಾರರು ಸುಮ್ಮನಿರಲಾರದೆ ಬರೆದ ಕಥೆಗಳವು. ಅಂಥವನ್ನು ಒಂದೆಡೆ ತರುವ ಸಂಕಲನವೊಂದು ಕನ್ನಡಕ್ಕೆ ಬೇಕು ಎಂಬುದು ನನ್ನ ಬಹುದಿನದ ಆಸೆ. ಅದು ಯಾಕೆ ಬೇಕು, ಅದರಲ್ಲಿ ಯಾವ ಕಥೆಗಳಿರಬೇಕು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನಿರುವುದು ಐರಣಿಯಲ್ಲಿ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಊರು. ಹಳೆಯ ಕೋಟೆಯಿದೆ, ಹೊಳೆಮಠವಿದೆ, ಪುಸ್ತಕದಂಗಡಿ ಇಲ್ಲ. ಇಂಥ ಊರಿನ ಓದುಗರಿಗೆ ಸಂಕಲನ ಎಂದರೆ ಏನು ಎಂಬುದು ದೊಡ್ಡ ಪಟ್ಟಣದವರಿಗೆ ಸುಲಭವಾಗಿ ತಿಳಿಯಲಾರದು. ಹತ್ತು ಲೇಖಕರ ಹತ್ತು ಪುಸ್ತಕ ಕೊಳ್ಳುವ ಅನುಕೂಲ ಇಲ್ಲದ ಕಡೆ ಒಂದು ಒಳ್ಳೆಯ ಸಂಕಲನ ಬಂದರೆ ಹತ್ತು ಲೇಖಕರೂ ಬಂದಂತೆ. ಎಂಬತ್ತರ ದಶಕದ ಆರಂಭದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕದವರು 25 ಸಂಪುಟಗಳ ‘ವಿಶ್ವಕಥಾಕೋಶ’ ತಂದರಲ್ಲ, ಅದು ತಲುಪಿದ ಊರುಗಳಲ್ಲಿ ಆಫ್ರಿಕದ, ಚೀನಾದ, ಲ್ಯಾಟಿನ್ ಅಮೆರಿಕದ ಕಥೆಗಳನ್ನು ರೈತರ ಮಕ್ಕಳು ಕನ್ನಡದಲ್ಲೇ ಓದಿದರು. ಜಿ.ಎಚ್. ನಾಯಕರು ನ್ಯಾಷನಲ್ ಬುಕ್ ಟ್ರಸ್ಟ್‌ಗಾಗಿ ಆರಿಸಿದ ‘ಕನ್ನಡ ಸಣ್ಣ ಕಥೆಗಳು’, ಗಿರಡ್ಡಿ ಗೋವಿಂದರಾಜರ ‘ಮರೆಯಬಾರದ ಹಳೆಯ ಕಥೆಗಳು’, ಎಸ್. ದಿವಾಕರರ ‘ಶತಮಾನದ ಸಣ್ಣ ಕಥೆಗಳು’ ಇವೆಲ್ಲ ಕನ್ನಡ ಕಥೆಯ ನಡಿಗೆಯನ್ನು ನಮಗೆ ತೋರಿಸಿಕೊಟ್ಟ ಪುಸ್ತಕಗಳು. ಅವುಗಳ ಋಣ ದೊಡ್ಡದು.

ಈ ಸಂಪಾದಕರೆಲ್ಲ ಕಥೆಯ ಕಸುಬನ್ನು ನೋಡಿದರು, ಕಾಲವನ್ನು ನೋಡಿದರು, ಮರೆತುಹೋಗುತ್ತಿದ್ದುದನ್ನು ಉಳಿಸಿದರು. ನಾನು ಕೇಳುತ್ತಿರುವ ಸಂಕಲನಕ್ಕೆ ಇನ್ನೊಂದು ಅಳತೆಗೋಲು ಬೇಕು. ಈ ಕಥೆ ಬರೆಯಲು ಎಷ್ಟು ಎದೆಗಾರಿಕೆ ಬೇಕಾಯಿತು ಎಂದು ಕೇಳಿ ಆರಿಸಬೇಕು.

ಹಾಗೆ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ನಿದರ್ಶನ ಉಂಟು. 1932ರ ಕೊನೆಗೆ ಲಖನೌದಲ್ಲಿ ‘ಅಂಗಾರೆ’ ಎಂಬ ಉರ್ದು ಸಂಕಲನ ಬಂತು. ಅಂಗಾರೆ ಎಂದರೆ ಕೆಂಡಗಳು. ಸಜ್ಜಾದ್ ಜಹೀರ್, ಅಹ್ಮದ್ ಅಲಿ, ರಶೀದ್ ಜಹಾನ್, ಮಹಮೂದುಜ್ಜಫರ್ ಎಂಬ ನಾಲ್ವರು ಬರೆದ ಹತ್ತು ಬರಹಗಳು ಅದರಲ್ಲಿದ್ದವು. ಒಂಬತ್ತು ಕಥೆ, ಒಂದು ಕಿರುನಾಟಕ. ಧರ್ಮದ ಹೆಸರಿನ ಸೋಗು, ಜನಾನಾದೊಳಗಿನ ಹೆಣ್ಣಿನ ಸಂಕಟ, ಬಡವರ ಹಸಿವು ಇವನ್ನು ಮುಚ್ಚುಮರೆ ಇಲ್ಲದೆ ಹೇಳಿದ ಪುಸ್ತಕ ಅದು. ಮಸೀದಿಗಳಲ್ಲಿ ಖಂಡನೆಯಾಯಿತು, ಪತ್ರಿಕೆಗಳು ಉಗಿದವು. 1933ರ ಮಾರ್ಚ್‌ನಲ್ಲಿ ಸಂಯುಕ್ತ ಪ್ರಾಂತದ ಸರಕಾರ ಅದನ್ನು ಮುಟ್ಟುಗೋಲು ಹಾಕಿತು. ರಶೀದ್ ಜಹಾನ್ ವೃತ್ತಿಯಿಂದ ವೈದ್ಯೆ. ಆ ನಾಲ್ವರಲ್ಲಿ ಹೆಚ್ಚು ಬೈಗುಳ ತಿಂದವರು ಅವರೇ. ಆದರೆ ಯಾರೂ ಒಂಟಿಯಾಗಿ ನಿಲ್ಲಲಿಲ್ಲ. ಒಂದೇ ಪುಸ್ತಕದಲ್ಲಿ ಒಬ್ಬರ ಪಕ್ಕ ಒಬ್ಬರು ಇದ್ದರು. ಅಲ್ಲಿಂದ ಹೊರಟ ದಾರಿಯೇ 1936ರ ಪ್ರಗತಿಶೀಲ ಲೇಖಕರ ಸಂಘಕ್ಕೆ ಮುಟ್ಟಿತು. ಆ ಗಾಳಿ ನಲವತ್ತರ ದಶಕದಲ್ಲಿ ಕನ್ನಡಕ್ಕೂ ಬೀಸಿತು, ಅ.ನ. ಕೃಷ್ಣರಾಯರು, ನಿರಂಜನ, ಬಸವರಾಜ ಕಟ್ಟೀಮನಿ, ತ.ರಾ.ಸು., ಚದುರಂಗ ಇವರೆಲ್ಲ ಅದರಲ್ಲಿ ಬೆಳೆದವರು. ವೇಶ್ಯೆಯರ ಬದುಕನ್ನು ಕಾದಂಬರಿಗೆ ತಂದದ್ದಕ್ಕೆ ಅ.ನ.ಕೃ. ಅವರ ಮೇಲೆ ಅಶ್ಲೀಲದ ಆರೋಪ ಬಂತು. ಅದಕ್ಕೆ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ದಿಟ್ಟತನ ಎಂದ ಕೂಡಲೇ ಹಾಸಿಗೆ, ರಕ್ತ, ಬೈಗುಳ ಎಂದು ತಿಳಿಯುವವರಿದ್ದಾರೆ. ಅಂಥ ಕಥೆಗಳು ಬೇಕಾದಷ್ಟು ಬರುತ್ತವೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಹಾಗೆ, ಬಣ್ಣ ಕಡುಗೆಂಪು, ಖಾರ ಕಡಿಮೆ. ಮೆಣಸಿನಕಾಯಿಗೆ ಅದೇ ಹೆಚ್ಚುಗಾರಿಕೆ. ಆ ಬಣ್ಣಕ್ಕಾಗಿಯೇ ದೇಶವೆಲ್ಲ ಬ್ಯಾಡಗಿ ಪೇಟೆಗೆ ಬರುತ್ತದೆ. ಕಥೆಗೆ ಅದು ಸಾಲದು. ಬೇರೆ ಜಾತಿಯವರನ್ನು, ಬೇರೆ ಧರ್ಮದವರನ್ನು, ಎದುರುಪಕ್ಷದವರನ್ನು ಬಯ್ದು ಬರೆದ ಕಥೆಯನ್ನೂ ನಾನು ದಿಟ್ಟ ಎನ್ನಲಾರೆ. ಅದಕ್ಕೆ ಚಪ್ಪಾಳೆ ಹೊಡೆಯುವವರು ಹೊಸ್ತಿಲಲ್ಲೇ ಕಾದಿರುತ್ತಾರೆ. ತನ್ನ ಮನೆ, ತನ್ನ ಓಣಿ, ತನ್ನ ಮಠ, ತನ್ನ ಮಸೀದಿ, ತನ್ನ ಒಳಗೇ ಇರುವ ಕೊಳೆಯನ್ನು ತೋರಿಸಿದ ಕಥೆ ದಿಟ್ಟ ಕಥೆ. ಕಥೆಗಾರ ತನ್ನನ್ನೇ ಬಿಡದೆ ವಿಚಾರಿಸಿಕೊಂಡಿದ್ದಾನೋ ಇಲ್ಲವೋ ಎಂಬುದೇ ನನ್ನ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಮೊದಲು ನಿಲ್ಲುವ ಕಥೆ ‘ನಾನು ಕೊಂದ ಹುಡುಗಿ’. ಬರೆದವರು ‘ಆನಂದ’, ಅಂದರೆ ಅಜ್ಜಂಪುರ ಸೀತಾರಾಂ ಅವರು. ನವೋದಯ ಕಾಲದ ಸೌಮ್ಯ ಸ್ವಭಾವದ ಕಥೆಗಾರರು. ಓದಿದ, ಸುಧಾರಣೆಯ ವಿಚಾರವುಳ್ಳ ಪಟ್ಟಣದವನೊಬ್ಬ ಪ್ರವಾಸದಲ್ಲಿ ಹಳ್ಳಿಯೊಂದರ ಪಟೇಲರ ಮನೆಯಲ್ಲಿ ಉಳಿಯುತ್ತಾನೆ. ಆ ಮನೆಯ ಮಗಳು ಚೆನ್ನಮ್ಮ. ಹರಕೆಯ ಕಾರಣಕ್ಕೆ ಅವಳನ್ನು ದೇವರ ಹೆಸರಿಗೆ ಬಸವಿ ಬಿಟ್ಟಿದ್ದಾರೆ. ರಾತ್ರಿ ಅವಳು ಅತಿಥಿಯ ಕೋಣೆಗೆ ಬರುತ್ತಾಳೆ. ಅವಳ ಪಾಲಿಗೆ ಅದು ದೇವರ ಕೆಲಸ, ತಪ್ಪಲ್ಲ. ಅವನು ಅವಳನ್ನು ಮುಟ್ಟುವುದಿಲ್ಲ. ಬುದ್ಧಿ ಹೇಳುತ್ತಾನೆ. ಇದು ಪಾಪ, ಇದು ಸೂಳೆತನ ಎಂದು ತಿಳಿಸಿಕೊಡುತ್ತಾನೆ. ಅವಳಿಗೆ ತಿಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಅವಳ ಹೆಣ ಬಾವಿಯಲ್ಲಿರುತ್ತದೆ.

ಬಸವಿ ಪದ್ಧತಿಯನ್ನು ಖಂಡಿಸುವುದು ಆ ಕಾಲದಲ್ಲಿ ಅಂಥ ಕಷ್ಟದ ಕೆಲಸವಾಗಿರಲಿಲ್ಲ. ಸುಧಾರಕರು ಭಾಷಣಗಳಲ್ಲಿ ಖಂಡಿಸುತ್ತಲೇ ಇದ್ದರು. ಆನಂದರು ಆ ಸುಧಾರಕನನ್ನೇ ಕಟಕಟೆಗೆ ತಂದರು. ಕೊಂದವನು ‘ನಾನು’ ಎಂದು ಕಥೆಯ ಹೆಸರಿನಲ್ಲೇ ಹೇಳಿಸಿದರು. ಹುಡುಗಿಗೆ ಅರಿವು ಕೊಟ್ಟ, ಆ ಅರಿವನ್ನು ಹೊತ್ತು ಬದುಕಲು ಬೇಕಾದ ಆಸರೆ ಕೊಡಲಿಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಕಾಯ್ದೆ ಬಂದ ಮೇಲೂ ಮಾಜಿ ದೇವದಾಸಿಯರ ಪುನರ್ವಸತಿಗಾಗಿ ಹೋರಾಟ ನಡೆಯುತ್ತಲೇ ಬಂದಿದೆ. ಆನಂದರ ಕಥೆ ಕೇಳಿದ್ದೂ ಅದನ್ನೇ.

ನಮ್ಮೂರಲ್ಲಿ ಒಮ್ಮೆ ಈ ಕಥೆಯನ್ನು ಗಟ್ಟಿಯಾಗಿ ಓದಿದೆವು. ಕಥೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು, “ಆ ಹುಡುಗೀನ ಅಂವ ಕೊಂದಿಲ್ಲರಿ ಸರ. ಹರಕಿ ಹೊತ್ತಾರಲ್ಲ, ಹಡದವರು, ಅವರು ಕೊಂದಾರ” ಅಂದರು. ಕಾಲೇಜಿಗೆ ಹೋಗುವ ಹುಡುಗನೊಬ್ಬ, “ಅಲ್ಲಬೇ ಯವ್ವಾ, ಅಂವ ಬರೇ ಬುದ್ಧಿ ಹೇಳಿ ಮಲಕೊಂಡ. ಮುಂಜಾನೆ ಆಕಿ ಎಲ್ಲಿಗೆ ಹೋಗಬೇಕಾಗಿತ್ತು?” ಎಂದು ಕೇಳಿದ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದ ನೋಡು” ಅಂದರು. ಹಳ್ಳಿಯವರಿಗೆ ಇಂಥ ಕಥೆ ತಿಳಿಯುವುದಿಲ್ಲ, ತಿಳಿದರೂ ತಡೆಯುವುದಿಲ್ಲ ಎನ್ನುವವರಿಗೆ ನಾನು ಈ ಮಾತುಕತೆಯನ್ನು ಹೇಳುತ್ತಿರುತ್ತೇನೆ.

ನಿರಂಜನರ ‘ಕೊನೆಯ ಗಿರಾಕಿ’ಯನ್ನು ಹಾಗೆ ಸಭೆಯಲ್ಲಿ ಓದುವ ಗಟ್ಟಿತನ ನಮಗಿನ್ನೂ ಬಂದಿಲ್ಲ. ಮಾತು ಬಾರದ ಕಾಣಿ ಎಂಬ ಹೆಣ್ಣು ಪಟ್ಟಣದ ಬೀದಿಗೆ ಬಿದ್ದು, ಮೈ ಮಾರಿ, ರೋಗಕ್ಕೆ ತುತ್ತಾಗಿ ಬಯಲಲ್ಲಿ ಸಾಯುತ್ತಾಳೆ. ಅವಳ ಬಳಿಗೆ ಕೊನೆಗೆ ಬರುವ ಗಿರಾಕಿ ಹದ್ದು. ಕೆಲವೇ ಪುಟಗಳ ಕಥೆ. ಓದಿದ ಮೇಲೆ ಊಟ ಸೇರುವುದಿಲ್ಲ. ಸಂಕಲನದಲ್ಲಿ ಅದು ಇರಲೇಬೇಕು.

ಜಾತಿಯ ಬಗ್ಗೆ ಬರೆದ ಕಥೆಗಳಲ್ಲಿ ನಾನು ಎರಡನ್ನು ಆರಿಸುತ್ತೇನೆ. ಪಿ. ಲಂಕೇಶರ ‘ಮುಟ್ಟಿಸಿಕೊಂಡವನು’ ಪಿಯುಸಿ ಪಠ್ಯವಾಗಿ ಸಾವಿರಾರು ಮಕ್ಕಳ ಕೈಗೆ ಬಂದಿತ್ತು. ಕೇಳುತ್ತಿರುವ ನಿಮ್ಮಲ್ಲೂ ಹಲವರು ಅದನ್ನು ಪರೀಕ್ಷೆಗಾಗಿ ಓದಿರುತ್ತೀರಿ. ಕಣ್ಣು ಕೆಟ್ಟ ರೈತ ಬಸಲಿಂಗ, ಕಣ್ಣು ನೋಡಿದ ಡಾಕ್ಟರ್ ತಿಮ್ಮಪ್ಪ. ತನ್ನ ಕಣ್ಣು ಮುಟ್ಟಿದ ಕೈ ಯಾವ ಜಾತಿಯದು ಎಂದು ಗೊತ್ತಾದ ಮೇಲೆ ಬಸಲಿಂಗನಿಗೆ ಕಣ್ಣಿನ ನೋವಿಗಿಂತ ದೊಡ್ಡ ನೋವು ಶುರುವಾಗುತ್ತದೆ. ಲಂಕೇಶರು ಬಸಲಿಂಗನನ್ನು ಕೆಟ್ಟವನನ್ನಾಗಿ ಮಾಡುವುದಿಲ್ಲ. ಅವನು ನಮ್ಮ ನಿಮ್ಮ ಮನೆಯ ಒಳ್ಳೆಯ ಮನುಷ್ಯ. ಕಥೆ ನಮಗೆ ನಾಟುವುದು ಅದಕ್ಕೇ. ತಾವು ಹುಟ್ಟಿ ಬೆಳೆದ ಲಿಂಗಾಯತ ರೈತರ ಲೋಕದ ಒಳಗಿನಿಂದಲೇ ಲಂಕೇಶರು ಅದನ್ನು ಬರೆದರು.

ಇನ್ನೊಂದು ದೇವನೂರ ಮಹಾದೇವರ ‘ಒಡಲಾಳ’. ನೀಳ್ಗತೆ, ಕೆಲವರು ಕಿರುಕಾದಂಬರಿ ಎನ್ನುತ್ತಾರೆ. ಸಾಕವ್ವನ ಗುಡಿಸಲಿಗೆ ಸಾಹುಕಾರನ ಮನೆಯ ಕಡಲೆಕಾಯಿ ಕದ್ದು ಬರುತ್ತದೆ. ಮನೆಯವರೆಲ್ಲ ಬೆಂಕಿಯ ಸುತ್ತ ಕೂತು ರಾತ್ರಿಯಿಡೀ ತಿನ್ನುತ್ತಾರೆ, ಸಿಪ್ಪೆಯನ್ನು ಉರಿಗೆ ಹಾಕುತ್ತಾರೆ. ಬೆಳಗ್ಗೆ ಪೊಲೀಸರು ಬಂದು ಹುಡುಕಿದರೆ ಏನೂ ಸಿಗುವುದಿಲ್ಲ; ಕಳುವಿನ ಮಾಲೆಲ್ಲ ಹೊಟ್ಟೆಯಲ್ಲಿದೆ. ಕಡಲೆಕಾಯಿಗೆ ನಮ್ಮ ಕಡೆ ಶೇಂಗಾ ಅನ್ನುತ್ತೇವೆ. ಶೇಂಗಾ ಸುಗ್ಗಿ ಕಂಡ ಹೊಲದ ಊರುಗಳವರಿಗೆ ಈ ಕಥೆಯ ರಾತ್ರಿಯನ್ನು ವಿವರಿಸಬೇಕಾಗಿಲ್ಲ. ಕಳ್ಳತನವನ್ನು ಹಬ್ಬದ ಹಾಗೆ ಬರೆದಿದ್ದಾರಲ್ಲ ಎಂದು ಒಬ್ಬ ಗೆಳೆಯರು ನನ್ನೊಡನೆ ತಕರಾರು ತೆಗೆದಿದ್ದರು. ಆ ಮನೆಗೆ ಅಂಥ ಹಬ್ಬ ಮತ್ತೆ ಯಾವಾಗ ಬಂದೀತು ಎಂದು ನಾನು ಕೇಳಿದೆ. ಮಹಾದೇವರು ಯಾರ ಪರವಾಗಿಯೂ ವಾದ ಮಾಡುವುದಿಲ್ಲ. ಹಸಿದವರು ತಿನ್ನುವುದನ್ನು ಪ್ರೀತಿಯಿಂದ ನೋಡುತ್ತಾರೆ. ಹಾಗೆ ನೋಡಬಹುದು ಎಂಬುದೇ ಕನ್ನಡ ಕಥೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಮಂದಿ ಆಡುವ ಮೈಸೂರು ಸೀಮೆಯ ಮಾತನ್ನು ಒಂದಕ್ಷರ ತಿದ್ದದೆ ಅಚ್ಚಿಗೆ ತಂದದ್ದೂ ಧೈರ್ಯವೇ.

ಹೆಂಗಸರು ಬರೆದ ಕಥೆಗಳ ಮಾತಿಗೆ ಬಂದರೆ ಧೈರ್ಯದ ತೂಕವೇ ಬೇರೆ. ಗಂಡಸು ಕಥೆ ಬರೆದರೆ ಅದು ಕಥೆ. ಹೆಣ್ಣು ಬರೆದರೆ ಅವಳದೇ ಬಾಳು ಎಂದು ಓದುವ ಕೆಟ್ಟ ಚಟ ನಮ್ಮಲ್ಲಿ ಇನ್ನೂ ಹೋಗಿಲ್ಲ. 1939ರಲ್ಲಿ ಇನ್ನೂ 30 ತುಂಬದ ವಯಸ್ಸಿನಲ್ಲಿ ನೀರುಪಾಲಾದ ಕೊಡಗಿನ ಗೌರಮ್ಮ, ವಿಧವೆಯ ಮನಸ್ಸಿಗೂ ಆಸೆಯಿದೆ ಎಂದು ಬರೆದುಹೋದರು. ಧಾರವಾಡದ ವೀಣಾ ಶಾಂತೇಶ್ವರ 1968ರಲ್ಲಿ ‘ಮುಳ್ಳುಗಳು’ ಸಂಕಲನ ತಂದಾಗ ಕರ್ನಾಟಕ ಕಾಲೇಜಿನ ಊರಾದ ಧಾರವಾಡದಲ್ಲೂ ಅಂಥ ಬರಹಕ್ಕೆ ದಾರಿ ಸಲೀಸಾಗಿರಲಿಲ್ಲ. ನೌಕರಿ ಮಾಡುವ ಹೆಣ್ಣು, ಒಂಟಿ ಹೆಣ್ಣು, ಮದುವೆಯಾದ ಮೇಲೂ ಒಂಟಿಯಾದ ಹೆಣ್ಣು, ಅವರ ಮೈಮನಸ್ಸಿನ ಹಸಿವನ್ನು ಅವರು ಅಳುಕಿಲ್ಲದೆ ಬರೆದರು. ‘ಕೊನೆಯ ದಾರಿ’, ‘ಕವಲು’, ‘ಹಸಿವು’ ಒಂದಾದ ಮೇಲೊಂದು ಬಂದವು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಮರುದಿನ ಅದೇ ವಿದ್ಯಾರ್ಥಿಗಳಿಗೆ, ಅದೇ ಸಹೋದ್ಯೋಗಿಗಳಿಗೆ ಮುಖ ಕೊಡುತ್ತ ಬರೆದರು. ನಮ್ಮ ಭಾಗದ ಓದುಗರು ಅವರಿಗೆ ಸಲ್ಲಬೇಕಾದಷ್ಟು ಗೌರವ ಸಲ್ಲಿಸಿಲ್ಲ ಎಂಬುದು ನನ್ನ ನೋವು. ವೈದೇಹಿಯವರ ‘ಅಕ್ಕು’ ಕಥೆಯಲ್ಲಿ ಊರೆಲ್ಲ ಹುಚ್ಚಿ ಎನ್ನುವ ಹೆಣ್ಣೇ ಮನೆಯ ಗುಟ್ಟುಗಳನ್ನು ಬಾಯಿಬಿಟ್ಟು ಆಡುತ್ತಾಳೆ. ಬುದ್ಧಿ ನೆಟ್ಟಗಿದ್ದವರಿಗೆ ಆ ಸ್ವಾತಂತ್ರ್ಯ ಇಲ್ಲ.

ಬಾನು ಮುಷ್ತಾಕರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿಯವರು ಮೂರು ದಶಕಗಳ ಕಥೆಗಳಿಂದ 12ನ್ನು ಆರಿಸಿ ಇಂಗ್ಲಿಷಿಗೆ ತಂದಿದ್ದರು. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಮೊದಲ ಸಲ ಬಂತು. ಸಣ್ಣ ಕಥೆಗಳ ಸಂಕಲನಕ್ಕೂ ಅದೇ ಮೊದಲು. ಕಥೆಗಳ ಆಯ್ಕೆ ಎಂಬುದು ಎಷ್ಟು ದೊಡ್ಡ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ. ಆ ಕಥೆಗಳು ಬೇರೆ ಬೇರೆ ಸಂಕಲನಗಳಲ್ಲಿ ಕನ್ನಡದಲ್ಲೇ ಇದ್ದವು. ನಾವು ಓದುತ್ತಿದ್ದೆವೇ?

ಅವರ ‘ಕರಿನಾಗರಗಳು’ ಕಥೆ ನೋಡಿ. ಮೂರು ಹೆಣ್ಣು ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಲು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಮಸೀದಿಯ ಉಸ್ತುವಾರಿ ಹೊತ್ತ ಮುತವಲ್ಲಿ ಮುಖ ತಿರುಗಿಸುತ್ತಾನೆ. ಕಾಯಿಲೆಯ ಕೂಸು ಕೈಯಲ್ಲೇ ಸಾಯುತ್ತದೆ. ಗಿರೀಶ ಕಾಸರವಳ್ಳಿಯವರು 2004ರಲ್ಲಿ ಇದನ್ನು ‘ಹಸೀನಾ’ ಎಂಬ ಚಿತ್ರ ಮಾಡಿದರು, ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೊನೆಯ ಭಾಗ. ಮುತವಲ್ಲಿ ಬೀದಿಯಲ್ಲಿ ನಡೆದು ಬರುವಾಗ ಓಣಿಯ ಹೆಂಗಸರು ಬಾಗಿಲು ಬಾಗಿಲಲ್ಲಿ ನಿಂತು ಶಾಪ ಹಾಕುತ್ತಾರೆ. ಅವನ ಹೆಂಡತಿ ಅವನ ಮಾತು ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೊರಡುತ್ತಾಳೆ. ಅಲ್ಲಿ ದೊಡ್ಡ ಭಾಷಣವಿಲ್ಲ. ಒಬ್ಬಳ ಸಂಕಟ ಓಣಿಯ ಎಲ್ಲರ ಎದೆಗೆ ಹತ್ತಿದ್ದು ಕಾಣುತ್ತದೆ, ಅಷ್ಟೆ.

ಮುಸ್ಲಿಂ ಹೆಂಗಸರಿಗೆ ಮಸೀದಿ ಪ್ರವೇಶ ಬೇಕು ಎಂದದ್ದಕ್ಕೆ ಬಾನು ಅವರು ಕೊಟ್ಟ ಬೆಲೆ ಸಣ್ಣದಲ್ಲ. 2000ರ ಸುಮಾರಿಗೆ ಅವರಿಗೂ ಅವರ ಕುಟುಂಬಕ್ಕೂ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ಅವರ ಮೇಲೆ ಚೂರಿ ಎತ್ತಿದ ಪ್ರಸಂಗವೂ ನಡೆಯಿತು. ಆಗ ಅವರು ಹೊಸಬರಲ್ಲ. ಲಂಕೇಶ್ ಪತ್ರಿಕೆಯ ಕಾಲದಿಂದ ಬರೆಯುತ್ತ ಬಂದ, ಹಾಸನದಲ್ಲಿ ವಕೀಲಿ ಮಾಡುತ್ತಿದ್ದ, ಜನ ಗುರುತಿಸುವ ಹೆಣ್ಣುಮಗಳು. ಕಳೆದುಕೊಳ್ಳುವುದಕ್ಕೆ ಬೇಕಾದಷ್ಟಿತ್ತು. ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ. 2023ರ ಜನವರಿಯಲ್ಲಿ ನಮ್ಮ ಹಾವೇರಿಯಲ್ಲೇ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಜಿಲ್ಲೆಗೆ ಬಂದ ದೊಡ್ಡ ಹಬ್ಬ, ಲಕ್ಷಾಂತರ ಜನ ಬಂದರು, ನಾವೆಲ್ಲ ಸಂತೋಷಪಟ್ಟೆವು. ಆದರೆ ಮುಸ್ಲಿಂ ಲೇಖಕರನ್ನು ಗೋಷ್ಠಿಗಳಲ್ಲಿ ಕಡೆಗಣಿಸಲಾಗಿದೆ ಎಂಬ ಆಕ್ಷೇಪ ಎದ್ದು, ಅದನ್ನು ಪ್ರತಿಭಟಿಸಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಶಿಶುನಾಳ ಶರೀಫರ ಜಿಲ್ಲೆಯಲ್ಲಿ ಅಂಥ ಮಾತು ಏಳಬಾರದಿತ್ತು. ಎರಡೇ ವರ್ಷಕ್ಕೆ ಕನ್ನಡ ಕಥೆಯನ್ನು ಜಗತ್ತಿಗೆ ಮುಟ್ಟಿಸಿದವರು ಒಬ್ಬ ಮುಸ್ಲಿಂ ಹೆಂಗಸು. ನಾನು ಕೇಳುವ ಸಂಕಲನದಲ್ಲಿ ಬಾನು ಅವರ ಪಕ್ಕದಲ್ಲೇ ಕಾಸರಗೋಡಿನಲ್ಲಿ ಹುಟ್ಟಿ ಕನ್ನಡವನ್ನೇ ಅಪ್ಪಿಕೊಂಡ ಸಾರಾ ಅಬೂಬಕ್ಕರ್ ಇರಬೇಕು.

ಹೆಸರು ಮಾಡಿದ ಲೇಖಕನ ಧೈರ್ಯ ಎಂದು ನಾನು ಮತ್ತೆ ಮತ್ತೆ ಹೇಳುವುದರ ಅರ್ಥ ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಸಂಡೂರಿನ ಈ ಲೇಖಕರನ್ನು ಕನ್ನಡ ಮನೆಗಳು ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಪುಸ್ತಕದಿಂದ ಹಚ್ಚಿಕೊಂಡಿದ್ದವು. ತಾಯಂದಿರು ಓದಿ ಕಣ್ಣೀರು ಹಾಕಿದ ಪ್ರಬಂಧಗಳವು. ಅಂಥ ಲೇಖಕ ಗಂಡು ಗಂಡನ್ನು ಪ್ರೀತಿಸುವ ಕಥೆ ಬರೆದರು. ಮೊದಲ ಕಥೆಯನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿದರು. ಆಮೇಲೆ 2013ರಲ್ಲಿ ತಮ್ಮದೇ ಹೆಸರಿನಲ್ಲಿ ಇಡೀ ಸಂಕಲನ ತಂದರು. ಇದು ನನ್ನ ಬದುಕೂ ಹೌದು ಎಂಬುದನ್ನು ಮರೆಮಾಚದೆ ಲೋಕದ ಮುಂದೆ ನಿಂತರು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಅಂಥ ಪ್ರೀತಿಯನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮನ್ನು ಮತ್ತೆ ಮೊದಲಿನ ಹಾಗೇ ಎತ್ತಿಹಿಡಿಯಿತು. ಆ ಪ್ರೀತಿ ಅಪರಾಧವಲ್ಲ ಎಂದು ಅದೇ ನ್ಯಾಯಾಲಯ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅಂದರೆ ಸುಮಾರು ಐದು ವರ್ಷ ಈ ಪುಸ್ತಕದ ನಾಯಕ ಕಾನೂನಿನ ಕಣ್ಣಿಗೆ ಅಪರಾಧಿಯಾಗಿದ್ದ.

ಮೋಹನಸ್ವಾಮಿಯ ಗೆಳೆಯ ಕಾರ್ತಿಕ್ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಮೋಹನಸ್ವಾಮಿ ಅಳುತ್ತಾನೆ, ಸಣ್ಣತನ ತೋರುತ್ತಾನೆ, ಹೊಟ್ಟೆಕಿಚ್ಚು ಪಡುತ್ತಾನೆ. ಅವನನ್ನು ಹುತಾತ್ಮನ ಹಾಗೆ ಎತ್ತರದ ಮೇಲೆ ಕೂರಿಸಲಿಲ್ಲ ಎಂಬುದು ನನಗೆ ಮುಖ್ಯ. ಓದುಗರು ಅವನನ್ನು ಮೊದಲು ನೆರೆಮನೆಯವನಂತೆ ಗುರುತು ಹಿಡಿಯುತ್ತಾರೆ, ಆಮೇಲೆ ಅವನ ಸಂಕಟ ಬೇರೆಯದು ಎಂದು ತಿಳಿಯುತ್ತಾರೆ. ನಮ್ಮ ಊರುಗಳಲ್ಲಿ ಅಂಥ ಹುಡುಗರಿಲ್ಲವೇ? ಇದ್ದಾರೆ. ಒತ್ತಾಯಕ್ಕೆ ಮದುವೆ ಮಾಡಿಸಿ ಇಬ್ಬರ ಬಾಳೂ ಹಾಳು ಮಾಡುವ ಮನೆಗಳೂ ಇವೆ. ಅಂಥ ಒಬ್ಬ ಹುಡುಗನಿಗೆ ರಾಣೆಬೆನ್ನೂರಿನ ಗ್ರಂಥಾಲಯದಲ್ಲಿ ಈ ಪುಸ್ತಕ ಕೈಗೆ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇಂಥ ಕಥೆಗಳಿಂದ ಊರ ಮರ್ಯಾದೆ ಹೋಗುತ್ತದೆ, ಮಕ್ಕಳು ಕೆಡುತ್ತಾರೆ ಎಂಬ ಮಾತು ಬರುತ್ತದೆ. ಹಾಗೆನ್ನುವ ಹಿರಿಯರನ್ನು ನಾನು ಹಗುರಾಗಿ ಕಾಣುವುದಿಲ್ಲ, ಅವರದೂ ಕಾಳಜಿಯೇ. ಆದರೆ ಮರ್ಯಾದೆ ಹೋಗುವುದು ಚೆನ್ನಮ್ಮ ಬಾವಿಗೆ ಬಿದ್ದಾಗ. ಅದನ್ನು ಬರೆದಾಗಲ್ಲ. ಮಕ್ಕಳು ಇಂದು ಮೊಬೈಲಿನಲ್ಲಿ ನೋಡುವುದಕ್ಕೆ ಯಾವ ತಡೆಯೂ ಇಲ್ಲದಿರುವಾಗ, ನೋವನ್ನು ನೋವೆಂದು ತಿಳಿಸುವ ಕಥೆಯನ್ನು ಮಾತ್ರ ತಡೆಯುವುದು ಯಾವ ನ್ಯಾಯ? ಬರೆದವರನ್ನು ಬೆದರಿಸುವ ಕಾಲವಂತೂ ಇದು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರಿಗೆ ಗುಂಡಿಕ್ಕಿದರು. ಅವರು ಕಥೆಗಾರರಲ್ಲ, ಸಂಶೋಧಕರು. ಆದರೂ ಆ ಗುಂಡಿನ ಸದ್ದು ಬರೆಯುವ ಪ್ರತಿಯೊಬ್ಬರ ಕಿವಿಗೂ ಬಿತ್ತು. ಅದನ್ನು ಪ್ರತಿಭಟಿಸಿ ಕುಂ. ವೀರಭದ್ರಪ್ಪನವರು ತಮ್ಮ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಒಬ್ಬೊಬ್ಬರೇ ಇದ್ದರೆ ಹೆದರಿಸುವುದು ಸುಲಭ. ಲಖನೌದ ಆ ನಾಲ್ವರ ಹಾಗೆ ಹೆಗಲಿಗೆ ಹೆಗಲು ಕೊಟ್ಟು ಒಂದೇ ಪುಸ್ತಕದಲ್ಲಿ ನಿಲ್ಲುವುದಕ್ಕೆ ಬೇರೆ ಬಲವಿದೆ.

ನಮ್ಮ ಜಿಲ್ಲೆ ಬರವಣಿಗೆಗೆ ಹೊಸದಲ್ಲ. ಗಳಗನಾಥರು ಈ ನೆಲದವರು. ಇಲ್ಲಿಯ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಹೊರಟು ಕನ್ನಡ ಓದುವ ಮನೆಗಳನ್ನು ಹುಟ್ಟಿಸಿತು. ಕುರಬಗೊಂಡದ ಪಾಟೀಲ ಪುಟ್ಟಪ್ಪನವರು ಪತ್ರಿಕೋದ್ಯಮದ ಗದ್ದಲದ ನಡುವೆಯೂ ಕಥೆ ಬರೆದರು. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಗೆಳೆಯರೊಡನೆ ನಡೆಸಿದ ‘ಸಂಕ್ರಮಣ’ ಬಂಡಾಯದವರಿಗೆ ವೇದಿಕೆಯಾಯಿತು. ಇಷ್ಟೆಲ್ಲ ಇದ್ದರೂ ನಮ್ಮ ಮೂರು ನಾಲ್ಕು ತಾಲ್ಲೂಕುಗಳ ಇತ್ತೀಚಿನ ಬದುಕು ದೊಡ್ಡ ಕಥೆಯಾಗಿ ಬರಬೇಕಾದಷ್ಟು ಬಂದಿಲ್ಲ ಎಂದೇ ನನಗನ್ನಿಸುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಗೊಬ್ಬರದ ಚೀಲಕ್ಕಾಗಿ ಪಾಳಿ ನಿಂತವನು ಹೆಣವಾಗಿ ಮನೆಗೆ ಬಂದರೆ, ಆ ಮನೆಯ ಮುಂದಿನ ಬಿತ್ತನೆ ಹೇಗೆ ನಡೆಯಿತು? 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು, ಪೊಲೀಸ್ ಕೇಸಿನ ಸುದ್ದಿ ಬಂತು. ಚೀಲ ಬಿಚ್ಚಿ ಕೂತು ಟೆಂಡರ್ ದರ ಕೇಳಿದ ಆ ಗಳಿಗೆಯಲ್ಲಿ ರೈತನ ಒಳಗೆ ಏನಾಯಿತು ಎಂಬುದು ವರದಿಗೆ ಸಿಗುವಂಥದ್ದಲ್ಲ. ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜಕ್ಕೆ ಹೆಸರಾದದ್ದು. ನಸುಕಿನಿಂದ ಹೂವಿನ ಮೇಲೆ ಬಗ್ಗಿ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದ ಹೆಣ್ಣಾಳುಗಳ ಬಗ್ಗೆ ಒಂದು ಕಥೆ ನನಗೆ ಓದಬೇಕಾಗಿದೆ. ಅದನ್ನು ಬರೆಯುವವರು ಬೀಜದ ಕಂಪನಿಯನ್ನಷ್ಟೇ ಬಯ್ದರೆ ಸಾಲದು. ಆ ಹೆಣ್ಣಿಗೆ ಗಂಡಾಳಿಗಿಂತ ಕಡಿಮೆ ಪಗಾರ ಕೊಡುವ ನಮ್ಮದೇ ಹೊಲದ ಬದುವಿನ ಮೇಲೆ ನಿಂತು ಬರೆಯಬೇಕು.

ಸಂಕಲನ ಮಾಡುವ ಪ್ರಕಾಶಕರಲ್ಲಿ, ಸಂಪಾದಕರಲ್ಲಿ ನನ್ನ ಕೆಲವು ಬಿನ್ನಹಗಳಿವೆ. ಕಥೆಯನ್ನು ಇಡಿಯಾಗಿ ಹಾಕಿ, ಮುಜುಗರ ತರುವ ಪ್ಯಾರಾ ಕತ್ತರಿಸಬೇಡಿ. ಹಾಸನದ ದಖನಿ ಬೆರೆತ ಕನ್ನಡವನ್ನೂ, ಕುಂದಾಪುರದ ಕನ್ನಡವನ್ನೂ, ನಮ್ಮ ಧಾರವಾಡ ಕಡೆಯ ಮಾತನ್ನೂ ತಿದ್ದಿ ಒಂದೇ ಹದಕ್ಕೆ ತರಬೇಡಿ. ಪ್ರತಿ ಕಥೆಯ ಕೊನೆಗೆ ಅದು ಯಾವ ವರ್ಷ, ಎಲ್ಲಿ ಮೊದಲು ಅಚ್ಚಾಯಿತು, ಆಗ ಏನು ಗಲಾಟೆಯಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಧೈರ್ಯದ ಲೆಕ್ಕ ಓದುಗರಿಗೆ ಸಿಗುವುದು ಅಲ್ಲೇ. ಬೆಲೆಯನ್ನು ಒಬ್ಬ ಕೂಲಿಯಾಳಿನ ಒಂದು ದಿನದ ಪಗಾರಕ್ಕಿಂತ ಹೆಚ್ಚು ಮಾಡಬೇಡಿ.

ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈಗ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಐರಣಿಯವರಿರಲಿ, ಮೆಡ್ಲೇರಿಯವರಿರಲಿ, ಮೋಟೆಬೆನ್ನೂರಿನವರಿರಲಿ, ನಿಮ್ಮೂರಿನ ಕೇಂದ್ರಕ್ಕೆ ಹೋಗಿ ನಾನು ಹೆಸರಿಸಿದ ಪುಸ್ತಕಗಳು ಇವೆಯೇ ಎಂದು ಕೇಳಿ. ಇಲ್ಲವಾದರೆ ತರಿಸಿಕೊಡಿ ಎಂದು ಬರೆದುಕೊಡಿ. ಓದುಗರು ಕೇಳುತ್ತಾರೆ ಎಂದು ಗೊತ್ತಾದರೆ ಪ್ರಕಾಶಕರು ಸಂಕಲನ ಮಾಡುತ್ತಾರೆ. ಕಥೆ ಬರೆಯುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರು ಬರೆದದ್ದನ್ನು ಓದಿ, ಅದರಲ್ಲಿ ನಿಮ್ಮ ಮನೆಯ ಮಾತು ಬಂದಿದ್ದರೆ ಸಿಟ್ಟಾಗದೆ ಇನ್ನೊಮ್ಮೆ ಓದಿ.